ಬಾನೆಟ್ ಎತ್ತಿದ ಮೇಲೆ

ಹೊಸ ಕಾರಿನವರ ಹತ್ತಿರ ಎಂಜಿನ್ನಿನ ಮಾತು ತೆಗೆದರೆ ಅದು ಬೆಳೆಯುವುದೇ ಇಲ್ಲ. ಏನಾದರೂ ಕೆಟ್ಟರೆ ಸ್ಟೀರಿಂಗಿನ ಹಿಂದೆ ಹಳದಿ ದೀಪ ಹತ್ತುತ್ತದೆ, ಸರ್ವಿಸ್ ಸೆಂಟರಿನವರು ಬಂದು ಗಾಡಿ ಒಯ್ಯುತ್ತಾರೆ, ಬಿಲ್ಲು ಮೊಬೈಲಿಗೆ ಬರುತ್ತದೆ, ಅಲ್ಲಿಗೆ ಮುಗಿಯಿತು. ಕಾರ್ಬ್ಯುರೇಟರ್ ಕಾಲದ ಕಾರು ಇಟ್ಟುಕೊಂಡವರ ಪಕ್ಕ ಕೂತು ನೋಡಿ, ಎರಡು ಸಲ ಚಹಾ ಆದರೂ ಮಾತು ಮುಗಿಯದು. ಹೈದರಾಬಾದಿನಲ್ಲಂತೂ ಇರಾನಿ ಚಹಾದ ಜತೆ ಉಸ್ಮಾನಿಯಾ ಬಿಸ್ಕತ್ತೂ ಬರುವುದರಿಂದ ಇನ್ನಷ್ಟು ಹೊತ್ತು ಹಿಡಿಯುತ್ತದೆ.

ಹಳೆಯ ಕಾರು ಇದ್ದಕ್ಕಿದ್ದಂತೆ ಕೈಕೊಡುತ್ತದೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಅದು ಬಹಳ ದಿನ ಮೊದಲೇ ಹೇಳಿರುತ್ತದೆ. ಹೊಗೆಯನ್ನೇ ತೆಗೆದುಕೊಳ್ಳಿ. ಕಪ್ಪು ಹೊಗೆ ಎಂದರೆ ಪೆಟ್ರೋಲು ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರಿನಲ್ಲಿ ದೂಳು ಕಟ್ಟಿದ್ದರೂ ಹೀಗಾಗುತ್ತದೆ, ಅಗ್ಗದಲ್ಲಿ ಮುಗಿಯುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗು ಸವೆದಿರಬೇಕು, ಇಲ್ಲವೆ ವಾಲ್ವಿನ ಸೀಲು ಹೋಗಿರಬೇಕು. ಎರಡರಲ್ಲಿ ಯಾವುದು? ಬೆಳಗ್ಗೆ ಚಾಲೂ ಮಾಡಿದಾಗ ಒಮ್ಮೆ ಗುಪ್ಪೆಂದು ಬಂದು ನಿಂತುಹೋದರೆ ಹೆಚ್ಚಾಗಿ ಸೀಲು; ಆಕ್ಸಿಲರೇಟರ್ ಒತ್ತಿದಷ್ಟೂ ಬರುತ್ತಿದ್ದರೆ ರಿಂಗು. ಬಂಜಾರಾ ಹಿಲ್ಸಿನ ಒಂದು ಏರು ಹತ್ತಿಸಿ ಹಿಂದಿನ ಕನ್ನಡಿ ನೋಡಿದರೆ ಗೊತ್ತಾಗಿಬಿಡುತ್ತದೆ. ಇನ್ನು ಬಿಳಿ ಹೊಗೆ. ಡಿಸೆಂಬರಿನ ಮುಂಜಾನೆ ಸ್ವಲ್ಪ ಆವಿ ಬಂದರೆ ಹೆದರಬೇಕಿಲ್ಲ. ಎಂಜಿನ್ ಕಾದ ಮೇಲೂ ಬರುತ್ತಲೇ ಇದ್ದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಬದಿ ನೋಡಿ. ಚಹಾದ ಮೇಲಿನ ಕೆನೆಯಂಥದ್ದು ದಪ್ಪಗೆ ಮೆತ್ತಿಕೊಂಡಿದೆಯೆ? ಹೆಡ್ ಗ್ಯಾಸ್ಕೆಟ್ ಹೋಗಿ ಆಯಿಲಿಗೆ ನೀರು ಸೇರಿರಬಹುದು. ಗಾಡಿಯನ್ನು ಅಲ್ಲೇ ನಿಲ್ಲಿಸಿ, ಮೆಕ್ಯಾನಿಕ್ಕನ್ನು ಕರೆಸಿ.

ಸದ್ದಿನ ವಿಷಯಕ್ಕೆ ಮಾತ್ರ ಉಸ್ತಾದರೇ ಬೇಕು. ಮುಶೀರಾಬಾದಿನ ಗಲ್ಲಿಯೊಂದರಲ್ಲಿರುವ ನಮ್ಮ ಉಸ್ತಾದರು ಮೂಲತಃ ಹುಮನಾಬಾದಿನವರು. ಕೈಕೆಳಗಿನ ಹುಡುಗನಿಗೆ ದಖ್ಖನಿಯಲ್ಲಿ ಪಾನಾ ಕೇಳುತ್ತ, ಗಿರಾಕಿಗೆ ತೆಲುಗಿನಲ್ಲಿ ರೇಟು ಹೇಳುತ್ತ, ನನ್ನ ಕಡೆ ತಿರುಗಿ, "ಸಾಹೇಬ್ರ, ಒಂದ್ ಸಿಲಿಂಡರ್ ಮಲಗ್ಯಾದ್ರಿ" ಎನ್ನುತ್ತಾರೆ. ಹೇಗೆ ಗೊತ್ತಾಯಿತು ಅಂತೀರಾ? ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಒಂದೊಂದಾಗಿ ಕೀಳುತ್ತಾರೆ. ಕಿತ್ತಾಗ ಎಂಜಿನ್ ಇನ್ನಷ್ಟು ನಡುಗಿದರೆ ಆ ಸಿಲಿಂಡರು ದುಡಿಯುತ್ತಿದೆ; ಕಿತ್ತರೂ ಏನೂ ವ್ಯತ್ಯಾಸ ಆಗದಿದ್ದರೆ ಮಿಸ್ಸಿಂಗ್ ಇರುವುದು ಅಲ್ಲೇ. ಆಮೇಲೆ ಮೊಳದುದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು, ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ. ಮೇಲಿನಿಂದ ಸಣ್ಣಗೆ ಟಿಕ್ ಟಿಕ್ ಬಂದರೆ ಟ್ಯಾಪೆಟ್ಟು, ಗ್ಯಾಪ್ ಸರಿಮಾಡಿದರೆ ಸಾಕು. ಕೆಳಗಿನಿಂದ ಧಡ್ ಧಡ್ ಬಂದರೆ ಬೇರಿಂಗು, ಎಂಜಿನ್ ಇಳಿಸಲೇಬೇಕು. ಆ ಗಳಿಗೆಯಲ್ಲಿ ಗಲ್ಲಿಯಲ್ಲಿ ಯಾರು ಹಾರ್ನ್ ಹೊಡೆದರೂ ಉಸ್ತಾದರಿಗೆ ಸಿಟ್ಟು ಬರುತ್ತದೆ. ಬರಬೇಕಾದ್ದೇ.

ಮಾರುತಿ 800ರ ಎಂಜಿನ್ನಿಗೆ ಇರುವುದೇ ಮೂರು ಸಿಲಿಂಡರು, 796 ಸಿಸಿ. ಒಂದು ಮಲಗಿದರೆ ಇಡೀ ಗಾಡಿ ಗಡಗಡ ನಡುಗುತ್ತದೆ. 2010ರ ಏಪ್ರಿಲಿನಲ್ಲಿ ಹೊಗೆಯ ಹೊಸ ನಿಯಮ ಬಂದಾಗ ಹೈದರಾಬಾದೂ ಸೇರಿ 13 ನಗರಗಳಲ್ಲಿ ಅದರ ಮಾರಾಟ ನಿಂತಿತು, 2014ರಲ್ಲಿ ತಯಾರಿಕೆಯೂ ನಿಂತಿತು. ಅಂಬಾಸಿಡರಿನ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಹಾಗೆಂದು ಅವು ರಸ್ತೆಯಿಂದ ಮಾಯವಾದವೆ? ದೆಹಲಿಯಂತೆ ಇಲ್ಲಿ ವಯಸ್ಸಿನ ನಿಷೇಧವಿಲ್ಲ. 15 ವರ್ಷ ತುಂಬಿದ ಕಾರನ್ನು ಆರ್‌ಟಿಒ ಕಚೇರಿಯಲ್ಲಿ ತೋರಿಸಿ, ಹಸಿರು ತೆರಿಗೆ ಕಟ್ಟಿ, ಮತ್ತೆ ಐದು ವರ್ಷಕ್ಕೆ ನೋಂದಣಿ ಮಾಡಿಸಿಕೊಂಡು ಓಡಿಸುವವರು ಬೇಕಾದಷ್ಟಿದ್ದಾರೆ.

ಓಡಿಸುವವರು ಎಂದೆನಲ್ಲ, ಓಡಿಸುವುದೇ ಮುಖ್ಯ. ನಿಂತ ಎಂಜಿನ್ ಓಡುವ ಎಂಜಿನ್ನಿಗಿಂತ ಬೇಗ ಹಾಳಾಗುತ್ತದೆ. ಸೀಲುಗಳು ಒಣಗುತ್ತವೆ, ಪೆಟ್ರೋಲು ಕಾರ್ಬ್ಯುರೇಟರಿನಲ್ಲಿ ಅಂಟಾಗುತ್ತದೆ. ಚೌಮಹಲ್ಲಾ ಅರಮನೆಯಲ್ಲಿ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಒಂದಿದೆ, ನೋಡಿದ್ದೀರಾ? ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ತರಿಸಲು ಹೇಳಿದ್ದು. ಅದು ಬರುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು. ಅಷ್ಟು ಚೆಂದದ ಗಾಡಿ ತನ್ನ ಆಯುಷ್ಯದಲ್ಲಿ ಓಡಿದ್ದು ತೀರಾ ಕಡಿಮೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದೇ ನಿಜಾಮರ ಕಾಲದಲ್ಲೇ ಅಲ್ಲವೆ, 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಊರನ್ನು ನುಂಗಿದ್ದು? ಪರಿಹಾರ ಹುಡುಕಲು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯ ಫಲವಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಎದ್ದವು. ಕಾರಿನ ಮಾತಿಗೂ ವಿಶ್ವೇಶ್ವರಯ್ಯನವರಿಗೂ ಏನು ಸಂಬಂಧ ಎನ್ನಬೇಡಿ, ಬಹಳ ಇದೆ. 1935ರಲ್ಲಿ, 70 ದಾಟಿದ ಮೇಲೆ, ಅವರು ಯುರೋಪು ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿ ಬಂದರು. ನಮ್ಮಲ್ಲೂ ಕಾರು ತಯಾರಾಗಬೇಕೆಂದು ಹಟ ಹಿಡಿದರು. ಬೆಂಗಳೂರಿನಲ್ಲಿ ಆಗುವ ಮಾತು ಬ್ರಿಟಿಷರ ಅಡ್ಡಿಯಿಂದ ಕೂಡಿಬರಲಿಲ್ಲ. ಕೊನೆಗೆ ಉದ್ಯಮಿ ವಾಲ್‌ಚಂದ್ ಹಿರಾಚಂದರು 1944ರಲ್ಲಿ ಮುಂಬಯಿ ಕಡೆ ಪ್ರೀಮಿಯರ್ ಕಂಪನಿ ಕಟ್ಟಿದರು. ಅಲ್ಲಿಂದಲೇ ಮುಂದೆ ಪದ್ಮಿನಿ ಕಾರು ಬಂದದ್ದು. ಇದನ್ನೆಲ್ಲ ಉಸ್ತಾದರಿಗೆ ಹೇಳಿದಾಗ ಅವರು ಪಾನಾ ಕೆಳಗಿಟ್ಟು ಪೂರ್ತಿ ಕೇಳಿದರು.

ನೀರಿನ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. 2020ರ ಅಕ್ಟೋಬರಿನ ಮಳೆಯಲ್ಲಿ ಈ ಊರಿನ ಬೀದಿಗಳಲ್ಲಿ ಕಾರುಗಳು ತೇಲಿಹೋದದ್ದನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದೀರಿ. ಮುಳುಗಿದ ಕಾರಿನ ಕೀಲಿ ತಿರುಗಿಸಲೇಬಾರದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿನಲ್ಲಿ ನೀರಿದ್ದರೆ ಮೇಲೇಳುವ ಪಿಸ್ಟನ್ ಅಲ್ಲೇ ತಡೆದು ನಿಂತು ಕನೆಕ್ಟಿಂಗ್ ರಾಡು ಬಾಗುತ್ತದೆ. ಪ್ಲಗ್ಗು ಬಿಚ್ಚಿ ನೀರು ತೆಗೆದು, ಆಯಿಲ್ ಬದಲಿಸಿದ ಮೇಲೆಯೇ ಚಾಲೂ ಮಾಡಬೇಕು. ಅಲ್ಲಿಯತನಕ ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಿ. ಇನ್ನೊಂದು: ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ, ಹಳೆಯ ರಬ್ಬರಿಗೆ ಅದು ಒಗ್ಗುವುದಿಲ್ಲ. ಪೆಟ್ರೋಲ್ ಪೈಪು ಬಿರುಕು ಬಿಟ್ಟಿದೆಯೇ ಎಂದು ಆಗಾಗ ನೋಡಿಸಿ.

ಬಿಡಿ ಸಾಮಾನಿಗೆ ಸಿಕಂದರಾಬಾದಿನ ರಾಣಿಗಂಜ್ ಇದೆ. ಬಿಚ್ಚಿದ ಗ್ಯಾಸ್ಕೆಟ್ಟನ್ನೇ ಕಾಗದದಲ್ಲಿ ಸುತ್ತಿಕೊಂಡು ಹೋಗಿ, ಹೊಸದನ್ನು ಅದರ ಮೇಲಿಟ್ಟು ತೂತುಗಳು ಕೂಡುತ್ತವೆಯೇ ನೋಡಿ ತನ್ನಿ. ಹೆಡ್ ಸೊಟ್ಟಗಾಗಿದ್ದರೆ ಲೇತಿನವನ ಹತ್ತಿರ ಫೇಸಿಂಗ್ ಮಾಡಿಸದೆ ಹೊಸ ಗ್ಯಾಸ್ಕೆಟ್ ಕೂರಿಸಿದರೆ ದುಡ್ಡು ದಂಡ.

ಉಸ್ತಾದರ ಮಗ ಮೆಷಿನ್ ಹಚ್ಚಿ ಹೊಸ ಗಾಡಿಗಳ ದೋಷ ಓದುವ ಕೆಲಸ ಕಲಿತಿದ್ದಾನೆ, ಒಳ್ಳೆಯದೇ. ಆದರೆ ಕಾರ್ಬ್ಯುರೇಟರಿನ ಜೆಟ್ ತೆಗೆದು ಬೆಳಕಿಗೆ ಹಿಡಿದು, ಊದಿ, ಮತ್ತೆ ಕೂರಿಸುವ ಕೈಗಳು ಈ ಗಲ್ಲಿಗಳಲ್ಲಿ ವರ್ಷಕ್ಕಿಷ್ಟು ಕಡಿಮೆಯಾಗುತ್ತಿವೆ. ಹಳೆಯ ಕಾರು ಇಟ್ಟುಕೊಂಡವರಲ್ಲಿ ನನ್ನದೊಂದೇ ವಿನಂತಿ. ರಾಣಿಗಂಜಿನಲ್ಲಿ ಸಾಮಾನಿನ ಬೆಲೆಗೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಉಸ್ತಾದರ ಕೂಲಿಗೆ ಮಾತ್ರ ಮಾಡಬೇಡಿ, ಕೇಳಿದಷ್ಟು ಕೊಡಿ.