ಗೋಡೆಯ ಪಾಚಿಯನ್ನು ನೋಡಿ ಬಂದುದು

ಶಿಶಿರ ಋತುವು ಮುಗಿಯುತ್ತ ಬಂದು, ಹೊಂಗೆಯ ಮರಗಳು ಹಳೆಯ ಎಲೆಗಳನ್ನು ಉದುರಿಸುತ್ತಿದ್ದ ಒಂದು ಶನಿವಾರ, ನಾವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನೋಡಲು ಹೋಗಿದ್ದೆವು. ಊರಿನ ಹಳಬರು ಇದನ್ನು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವರು. ಬಸ್ಸಿನ ನಿರ್ವಾಹಕನೂ ಹಾಗೆಯೇ ಕೂಗಿ ನಮ್ಮನ್ನು ಇಳಿಸಿದನು. ವರ್ಷಕ್ಕೊಂದು ದಿನ ಸಂಸ್ಥೆಯ ಬಾಗಿಲನ್ನು ಸಾರ್ವಜನಿಕರಿಗೆಲ್ಲ ತೆರೆದಿಡುವ ಪದ್ಧತಿಯುಂಟು. ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ನಮ್ಮನ್ನು ಮೊಮ್ಮಗಳು ಆ ದಿನ ಬಿಡದೆ ಎಬ್ಬಿಸಿಕೊಂಡು ಹೊರಟಳು.

ಅವಳು ಹೊರಡಿಸಿದುದಕ್ಕೆ ಒಂದು ಕಾರಣವಿದ್ದಿತು. ಅವಳ ಹತ್ತನೆಯ ತರಗತಿ ಮುಗಿಯುವುದರಲ್ಲಿದೆ. ಮುಂದೆ ಜೀವಶಾಸ್ತ್ರವನ್ನು ಓದಬೇಕೆಂದು ಅವಳ ಹಟ. ನಾವು ಅದಕ್ಕೆ ಸಮ್ಮತಿಸಿರಲಿಲ್ಲ. ಗಣಿತವನ್ನೋ ಸಂಸ್ಕೃತವನ್ನೋ ಓದಲಿ, ಪ್ರಾಣಿಗಳನ್ನು ಕೊಯ್ದು ಕಲಿಯುವ ವಿದ್ಯೆ ನಮ್ಮ ಮನೆಗೆ ಬೇಡವೆಂದು ಮಗನಿಗೆ ಬರೆದುಬಿಟ್ಟಿದ್ದೆವು. ಮಗನು ತಂದೆಯ ಮಾತನ್ನು ಮೀರುವವನಲ್ಲ. ಆದುದರಿಂದ ಹುಡುಗಿಯು ನಮ್ಮನ್ನೇ ಒಲಿಸಿಕೊಳ್ಳಬೇಕಾಗಿದ್ದಿತು.

ನಮ್ಮ ವಿರೋಧಕ್ಕೂ ಒಂದು ಮೂಲವುಂಟು. ನಾವು ಬಾಲಕರಾಗಿದ್ದಾಗ ನಮ್ಮ ತಂದೆಯವರು ಸಾಕಿದ ನಾಯಿಗೆ ಲೈಕಾ ಎಂದು ಹೆಸರಿಟ್ಟಿದ್ದರು. 1957ನೆಯ ನವೆಂಬರು 3ರಂದು ರಷ್ಯನರು ತಮ್ಮ ಎರಡನೆಯ ಸ್ಪುಟ್ನಿಕ್ಕಿನಲ್ಲಿ ಕೂರಿಸಿ ಕಳುಹಿದ, ಮಾಸ್ಕೋ ನಗರದ ಬೀದಿಯಿಂದ ಹಿಡಿದು ತಂದ ಹೆಣ್ಣುನಾಯಿಯ ಹೆಸರದು. ಅದು ಮರಳಿ ಬರುವ ಏರ್ಪಾಡೇ ಆ ನೌಕೆಯಲ್ಲಿರಲಿಲ್ಲ. ಕೆಲವು ದಿನ ಸುಖವಾಗಿದ್ದು ನಿದ್ರೆಯಲ್ಲಿಯೇ ಪ್ರಾಣಬಿಟ್ಟಿತೆಂದು ತಂದೆಯವರು ಹೇಳಿದುದನ್ನು ನಾವು ನಂಬಿದ್ದೆವು. ನೌಕೆಯು ಅತಿಯಾಗಿ ಕಾದು, ಹಾರಿದ ಕೆಲವೇ ಗಂಟೆಗಳಲ್ಲಿ ಆ ನಾಯಿ ಸತ್ತಿತೆಂಬ ನಿಜವು 2002ರಲ್ಲಿ, ಎಂದರೆ ನಲವತ್ತೈದು ವರ್ಷಗಳ ಮೇಲೆ, ಹೊರಬಿದ್ದಿತು. ಆ ಸುದ್ದಿಯನ್ನು ಓದಿದ ದಿನ ನಾವು ಶಾಲೆಯಲ್ಲಿ ಪಾಠವನ್ನು ಸರಿಯಾಗಿ ಮಾಡಲಿಲ್ಲ. ಆ ಪ್ರಯೋಗದಲ್ಲಿ ಕೈಹಾಕಿದ್ದ ಗಾಜೆಂಕೋ ಎಂಬ ವಿಜ್ಞಾನಿಯು ಮುದಿತನದಲ್ಲಿ ತಾವು ಮಾಡಿದುದಕ್ಕಾಗಿ ಬಹಿರಂಗವಾಗಿ ವ್ಯಥೆಪಟ್ಟರು. ಫ್ರಾನ್ಸಿನವರು 1963ರಲ್ಲಿ ಕಳುಹಿದ ಬೆಕ್ಕು ಜೀವಂತವಾಗಿ ಇಳಿದರೂ, ಮೆದುಳಿನ ಪರೀಕ್ಷೆಗಾಗಿ ಎರಡು ತಿಂಗಳೊಳಗೆ ಅದನ್ನೂ ಕೊಂದರು. ಇವೆಲ್ಲ ನಮ್ಮ ಮನಸ್ಸಿನಲ್ಲಿದ್ದುವು.

ಸಂಸ್ಥೆಯ ಒಳಗೆ ಕಾಲಿಟ್ಟೊಡನೆ ಊರಿನ ಗದ್ದಲವು ಮರಗಳ ಹಿಂದೆ ಅಡಗಿತು. ಜಮ್‌ಶೇಟ್‌ಜಿ ಟಾಟಾ ಅವರ ಸಂಕಲ್ಪದಿಂದಲೂ, ಮೈಸೂರು ಸಂಸ್ಥಾನವು ಕೊಟ್ಟ 371 ಎಕರೆ ಭೂಮಿಯಿಂದಲೂ 1909ರಲ್ಲಿ ಸ್ಥಾಪನೆಯಾದ ವಿದ್ಯಾಸ್ಥಾನವಿದು. ಬೂದುಗಲ್ಲಿನ ಮುಖ್ಯಭವನವು ಗೋಪುರವನ್ನೆತ್ತಿ ನಿಂತಿದೆ. ಅದರ ಮುಂದೆ ಟಾಟಾ ಅವರ ಪ್ರತಿಮೆ. ಅಂದು ಅಲ್ಲಿ ಜಾತ್ರೆಯೋ ಜಾತ್ರೆ. ತಂದೆಯರ ಹೆಗಲ ಮೇಲೆ ಮಕ್ಕಳು, ಊಟದ ಡಬ್ಬಿ ಹಿಡಿದ ತಾಯಂದಿರು, ಒಂದೊಂದು ಪ್ರಯೋಗಶಾಲೆಯ ಮುಂದೆಯೂ ದೇವಸ್ಥಾನದ ಪ್ರಸಾದಕ್ಕೆ ನಿಂತಂತೆ ಸಾಲುಗಳು. ಸರಸ್ವತಿಗೆ ಇಂಥ ಜಾತ್ರೆ ನಡೆಯುವುದನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಆದರೆ ಮೊಮ್ಮಗಳು ಭವನವನ್ನಾಗಲಿ ಪ್ರತಿಮೆಯನ್ನಾಗಲಿ ನೋಡಲು ಬಿಡದೆ, ಬಿಸಿಲಿಗೆ ಒಣಗಿ ಕಪ್ಪಾದ ಪಾಚಿಯಿದ್ದ ಒಂದು ಗೋಡೆಯ ಮುಂದೆ ನಮ್ಮನ್ನು ನಿಲ್ಲಿಸಿದಳು. "ತಾತ, ಇದರಲ್ಲಿ ನೀರುಕರಡಿ ಮಲಗಿರಬಹುದು" ಎಂದಳು. ನಾವು ಕನ್ನಡಕವನ್ನು ತೆಗೆದು ಒರೆಸಿಕೊಂಡೆವು.

ವಾಚಕರಲ್ಲಿ ಈ ಜೀವಿಯನ್ನು ಅರಿಯದವರೂ ಇರಬಹುದು. ಇದರ ಉದ್ದ ಬಹುತೇಕ ಅರ್ಧ ಮಿಲಿಮೀಟರು. ಎಂಟು ಮೊಂಡು ಕಾಲುಗಳು, ಕಾಲಿಗೆ ಉಗುರುಗಳು, ಕರಡಿಯಂತೆ ತೂಗಾಡುವ ನಡಿಗೆ. 1773ರಲ್ಲಿ ಗೋಯೆಟ್ಸೆ ಎಂಬ ಜರ್ಮನಿಯ ಪಾದ್ರಿಯು ಇದನ್ನು ಕಂಡು ನೀರುಕರಡಿಯೆಂದು ಕರೆದನು. ಕೆಲವು ವರ್ಷಗಳ ಅನಂತರ ಇಟಲಿಯ ಸ್ಪಲಾನ್‌ಜಾನಿಯು ಮಂದಗಾಮಿ ಎಂಬ ಅರ್ಥದ ಹೆಸರನ್ನಿಟ್ಟನು, ಆತನೂ ಪಾದ್ರಿಯೇ. ನಮ್ಮ ಶನೈಶ್ಚರನ ಹೆಸರಿಗೂ ಇದೇ ಅರ್ಥವಷ್ಟೆ. ಅಂದು ಶನಿವಾರವೇ ಆಗಿದ್ದುದನ್ನು ನಾವು ಹೇಳಿದಾಗ ಹುಡುಗಿಯು ನಕ್ಕಳು.

ಈ ಪ್ರಾಣಿಯ ಹೆಚ್ಚಳವು ನಡಿಗೆಯಲ್ಲಿಲ್ಲ, ನಿದ್ರೆಯಲ್ಲಿದೆ. ಪಾಚಿಯು ಒಣಗಿದಾಗ ಇದು ಕಾಲುಗಳನ್ನು ಒಳಗೆಳೆದುಕೊಂಡು, ಮೈಯಲ್ಲಿನ ನೀರನ್ನು ಹೆಚ್ಚುಕಡಿಮೆ ಎಲ್ಲವನ್ನೂ ಕಳೆದುಕೊಂಡು, ಪುಟ್ಟ ಪೀಪಾಯಿಯಂತೆ ಮುದುಡಿಬಿಡುವುದು. ಆಗ ಉಸಿರಿಲ್ಲ, ಊಟವಿಲ್ಲ, ಚಲನೆಯಿಲ್ಲ. ವರ್ಷಗಳೇ ಕಳೆದ ಮೇಲೆ ಒಂದು ಹನಿ ನೀರು ಬಿದ್ದರೆ ಮತ್ತೆ ಕಾಲು ಚಾಚುವುದು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಅಂಗಗಳನ್ನು ಒಳಸೆಳೆದುಕೊಳ್ಳುವ ಆಮೆಯ ಉಪಮಾನವನ್ನು ನಾವು ಎಷ್ಟೋ ಸಲ ಪಾಠ ಹೇಳಿದ್ದೇವೆ. ಆಮೆಯನ್ನೂ ಮೀರಿಸುವ ಜೀವಿಯು ಶಾಲೆಯ ಹಿತ್ತಿಲಗೋಡೆಯಲ್ಲಿಯೇ ಇದ್ದಿರಬಹುದೆಂಬುದು ನಮಗೆ ತಿಳಿದಿರಲಿಲ್ಲ.

ಈ ಸಂಸ್ಥೆಯ ಡಾ|| ಸಂದೀಪ ಈಶ್ವರಪ್ಪನವರೂ ಅವರ ಸಂಗಡಿಗರೂ ಬೆಂಗಳೂರಿನ ಪಾಚಿಯಲ್ಲಿ ಕೆಂಗಂದು ಬಣ್ಣದ ಒಂದು ನೀರುಕರಡಿಯನ್ನು ಕಂಡರು. ಕ್ರಿಮಿನಾಶಕ್ಕೆ ಬಳಸುವ ನೇರಳಾತೀತ ದೀಪದ ಕೆಳಗೆ ಇಟ್ಟರೂ ಅದು ಸಾಯಲಿಲ್ಲ. ಅದರ ಮೈಯ ವರ್ಣದ್ರವ್ಯವು ಆ ಕಿರಣವನ್ನು ಹೀರಿ ನೀಲಿಯಾಗಿ ಹೊಳೆಯಿತು. ಇದನ್ನು 2020ರಲ್ಲಿ ಪ್ರಕಟಿಸಿದರು. ಇದರ ಮಹತ್ತ್ವವೇನೆಂದರೆ, 2007ರಲ್ಲಿ ಯೂರೋಪಿನ ವಿದ್ವಾಂಸರು ಒಣಗಿದ ನೀರುಕರಡಿಗಳನ್ನು ಫೋಟಾನ್ ನೌಕೆಯಲ್ಲಿ ಕಳುಹಿ, ಹತ್ತು ದಿನ ಬರಿಯ ಆಕಾಶಕ್ಕೆ ಒಡ್ಡಿದ್ದರು. ಗಾಳಿಯಿಲ್ಲದ ಶೂನ್ಯವನ್ನು ಅವು ತಡೆದುಕೊಂಡುವು. ಸೂರ್ಯನ ನೇರಳಾತೀತ ಕಿರಣವು ನೇರವಾಗಿ ತಾಗಿದವುಗಳಲ್ಲಿ ಮಾತ್ರ ಉಳಿದುವು ಅತ್ಯಲ್ಪ. ದೂರದ ಪಯಣಿಗನಿಗೆ ಬೇಕಾದ ಕವಚದ ಒಂದು ಎಳೆಯು ಬೆಂಗಳೂರಿನ ಪಾಚಿಯಲ್ಲಿದ್ದಿತು.

ಆಕಾಶಕ್ಕೆ ಏರಿದ ಪ್ರಾಣಿಗಳಲ್ಲಿ ಮೊದಲನೆಯವು ಹಣ್ಣುನೊಣಗಳೆಂದು ಹುಡುಗಿಯು ನಡೆಯುತ್ತ ಹೇಳಿದಳು. 1947ನೆಯ ಫೆಬ್ರವರಿ 20ರಂದು ಅಮೆರಿಕದವರು ನ್ಯೂಮೆಕ್ಸಿಕೋದಿಂದ ಜರ್ಮನ್ ವಿ-2 ಬಾಣದಲ್ಲಿ ಅವನ್ನು 109 ಕಿಲೋಮೀಟರು ಎತ್ತರಕ್ಕೆ ಹಾರಿಸಿದರು. ಅವು ಜೀವಸಹಿತ ಇಳಿದುವು. ನಮ್ಮ ಗಗನಯಾನಕ್ಕಾಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ನೊಣಗಳ ಪೆಟ್ಟಿಗೆಯೊಂದನ್ನು ರೂಪಿಸಿದ ಸುದ್ದಿಯನ್ನು 2024ರಲ್ಲಿ ನಾವೂ ಪತ್ರಿಕೆಯಲ್ಲಿ ಓದಿದ್ದೆವು. 2019ರ ಏಪ್ರಿಲಿನಲ್ಲಿ ಇಸ್ರೇಲಿನ ನೌಕೆಯೊಂದು ಒಣಗಿದ ನೀರುಕರಡಿಗಳ ಸಮೇತ ಚಂದ್ರನ ಮೇಲೆ ಬಿದ್ದು ಒಡೆಯಿತಂತೆ. ಅವನ್ನು ಪರೀಕ್ಷೆಗೆಂದೂ ಒಯ್ದಿರಲಿಲ್ಲ, ನೆನಪಿಗೆಂದು ಇರಿಸಿದ್ದರು. ಇದು ನಮಗೆ ಕಿಂಚಿತ್ತೂ ರುಚಿಸಲಿಲ್ಲ.

ಒಂದು ಕೊಠಡಿಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಅರ್ಧಗಂಟೆ ಕಾದು ನಿಂತೆವು. ಅಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ನಮ್ಮ ವಯಸ್ಸನ್ನು ನೋಡಿ ಕುರ್ಚಿ ಕೊಟ್ಟಳು. ಕಣ್ಣಿಟ್ಟು ನೋಡಿದರೆ, ಗಾಜಿನ ಮೇಲಿನ ಹನಿಯಲ್ಲಿ, ಹಾಸಿಗೆಯಿಂದೇಳಲು ಸೋಮಾರಿತನ ಮಾಡುವ ಕೂಸಿನಂತೆ ಕಾಲಾಡಿಸುತ್ತಿದ್ದ ಒಂದು ಜೀವ! ನಮ್ಮ ಹಿಂದಿನವರು ಅವಸರಪಡಿಸುವವರೆಗೂ ನಾವು ಏಳಲಿಲ್ಲ.

ಇದೇ ಸಂಸ್ಥೆಯವರ ಪ್ರಯೋಗಕ್ಕಾಗಿ ಭಾರತದ ನೀರುಕರಡಿಗಳು 2025ನೆಯ ಜೂನ್ 25ರಂದು ಶುಭಾಂಶು ಶುಕ್ಲಾ ಅವರೊಡನೆ ಫ್ಲಾರಿಡಾದಿಂದ ಹಾರಿ, ಸುಮಾರು 400 ಕಿಲೋಮೀಟರು ಎತ್ತರದ ಅಂತರರಾಷ್ಟ್ರೀಯ ನಿಲ್ದಾಣವನ್ನು ಸೇರಿದುವು. ಧಾರವಾಡದವರ ಹೆಸರುಕಾಳು, ಮೆಂತ್ಯಗಳೂ ಆ ಯಾತ್ರೆಯಲ್ಲಿದ್ದುವು. ನಿದ್ರಿಸುವ ಜೀವಿಗಳು ಭಾರವೇ ತೋರದ ಆ ನೆಲೆಯಲ್ಲಿ ಎಚ್ಚರಗೊಳ್ಳುವುವೇ, ಮೊಟ್ಟೆಯಿಟ್ಟು ಮರಿಮಾಡುವುವೇ, ಅವುಗಳ ವಂಶಸೂತ್ರಗಳ ಕೆಲಸದಲ್ಲಿ ಏನು ಬದಲಾಗುವುದು ಎಂದು ನೋಡುವುದು ಉದ್ದೇಶ.

"ಹೀಗೆ ಮೇಲೆ ಹೋದವುಗಳನ್ನು ಕೊನೆಗೆ ಏನು ಮಾಡುವಿರಮ್ಮ?" ಎಂದು ನಾವು ಆ ವಿದ್ಯಾರ್ಥಿನಿಯನ್ನು ಕೇಳಿದೆವು. ಮೊಮ್ಮಗಳ ಮುಖವು ಸಣ್ಣದಾಯಿತು. ವಿದ್ಯಾರ್ಥಿನಿಯು ಕ್ಷಣಕಾಲ ಸುಮ್ಮನಿದ್ದು, "ವಂಶಸೂತ್ರಗಳ ಕೆಲಸವನ್ನು ಅಳೆಯಬೇಕಾದರೆ ಜೀವಿಯನ್ನು ಅರೆಯಲೇಬೇಕಾಗುತ್ತದೆ, ಸರ್. ಇಲ್ಲವೆಂದು ನಿಮ್ಮ ಹತ್ತಿರ ಸುಳ್ಳು ಹೇಳಲಾರೆ. ಎಷ್ಟು ಬೇಕೋ ಅಷ್ಟನ್ನೇ ತೆಗೆದುಕೊಳ್ಳಬೇಕೆಂದು ನಮಗೆ ಕಲಿಸಿದ್ದಾರೆ" ಎಂದಳು.

ನಾವು ಉತ್ತರ ಕೊಡಲಿಲ್ಲ. ಲೈಕಾಳ ವಿಷಯದಲ್ಲಿ ನಲವತ್ತೈದು ವರ್ಷ ಸಿಕ್ಕದ ಮಾತು ಇಲ್ಲಿ ಕೇಳಿದೊಡನೆ ಸಿಕ್ಕಿತ್ತು. ಅರೆಯುವುದು ನಮಗೆ ಒಪ್ಪಿಗೆಯಾಯಿತೆಂದಲ್ಲ; ಈಗಲೂ ಆಗಿಲ್ಲ. ಮರಗಳ ಕೆಳಗೆ ಬಹಳ ದೂರ ನಾವು ಮಾತಿಲ್ಲದೆ ನಡೆದೆವು. ಗೇಟಿನ ಬಳಿ ಮಜ್ಜಿಗೆ ಕುಡಿಯುತ್ತ, "ಆ ಹುಡುಗಿಯಂತೆ ಕೇಳಿದವರಿಗೆ ನಿಜ ಹೇಳುವುದಾದರೆ ಓದು" ಎಂದೆವು. ಮೊಮ್ಮಗಳು ಲೋಟವನ್ನು ಅಲ್ಲಿಯೇ ಇಟ್ಟು ಬೀದಿಯಲ್ಲಿಯೇ ನಮ್ಮ ಕಾಲುಮುಟ್ಟಿದಳು.

ಮಾರನೆಯ ದಿನ ಮಗನ ಮನೆಯ ಕಾಂಪೌಂಡಿನ ಪಾಚಿಯನ್ನು ಕೆರೆದು, ತಟ್ಟೆಯಲ್ಲಿ ನೀರು ಹಾಕಿ ಇಟ್ಟೆವು. ಕೊಳಕು ನೀರೆಂದು ಸೊಸೆಯು ಬಚ್ಚಲಿಗೆ ಚೆಲ್ಲಹೋದಾಗ ತಾತ ಮೊಮ್ಮಗಳಿಬ್ಬರೂ ಒಟ್ಟಿಗೆ ಕೂಗಿಕೊಂಡೆವು. ನೆರೆಮನೆಯ ಹುಡುಗನ ಸೂಕ್ಷ್ಮದರ್ಶಕವನ್ನು ತಂದು ಮಧ್ಯಾಹ್ನವೆಲ್ಲ ಹುಡುಕಿದರೂ ನೀರುಕರಡಿಯು ಸಿಕ್ಕಲಿಲ್ಲ. ದಾರದಂತಹ ಒಂದು ಹುಳುವೂ, ಬಾಯಿಯ ಸುತ್ತ ಚಕ್ರ ತಿರುಗಿಸುತ್ತಿದ್ದ ಮತ್ತಾವುದೋ ಒಂದು ಪ್ರಾಣಿಯೂ ಕಂಡುವು. ಸಂಜೆ ಅವಳು ತಟ್ಟೆಯ ನೀರನ್ನು ಪಾಚಿಯ ಸಮೇತ ಅದೇ ಗೋಡೆಯ ಮೇಲೆ ಮೆಲ್ಲನೆ ಸುರಿದು ಬಂದಳು.