ಬೆಕ್ಕಿಗೆ ಸೂಜಿ ಚುಚ್ಚುವವರು ಯಾರು?

ದಸರಾ ಬಂತೆಂದರೆ ಊರೂರಿನವರೆಲ್ಲ ಮೈಸೂರಿಗೆ ಬರುತ್ತಾರೆ. ಮೈಸೂರಿನಲ್ಲೇ ಹುಟ್ಟಿ ಬೆಳೆದ ನಮ್ಮಂಥವರಿಗೆ ಮಾತ್ರ ಆಗಲೇ ಊರು ಬಿಟ್ಟು ಎಲ್ಲಿಗಾದರೂ ಹೋಗೋಣ ಎನ್ನಿಸುತ್ತದೆ. ಕಳೆದ ದಸರಾ ರಜೆಗೆ ಬೆಂಗಳೂರಿನ ಮಗ, ಸೊಸೆ, ಮೊಮ್ಮಕ್ಕಳು ಸೇರಿ ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರ ಎಂದು ಎಂಟು ದಿನದ ಪ್ರವಾಸ ಗೊತ್ತುಮಾಡಿದರು. "ನೀವಿಬ್ಬರೂ ಬರಲೇಬೇಕು" ಎಂಬ ಅಪ್ಪಣೆಯೂ ಆಯಿತು. ನಾನು ಹೂಂ ಅಂದೆ. ನನ್ನಾಕೆ ಮಾತ್ರ ಅಡುಗೆಮನೆಯಿಂದಲೇ ಕೇಳಿದಳು: "ಹಾಗಾದರೆ ಲಾಡುವಿಗೆ ಸೂಜಿ ಚುಚ್ಚುವವರು ಯಾರು?"

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಇಲಿಗಳ ಪ್ರಶ್ನೆ ನಿಮಗೆಲ್ಲ ಗೊತ್ತು. ನಮ್ಮ ಮನೆಯ ಪ್ರಶ್ನೆ ಅದಕ್ಕಿಂತ ಕಷ್ಟದ್ದು. ಗಂಟೆಯನ್ನಾದರೆ ಒಂದು ಸಲ ಕಟ್ಟಿದರಾಯಿತು. ಸೂಜಿ ಹಾಗಲ್ಲ, ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು, ದಿನವೂ ಬೇಕು.

ಲಾಡು ನಮ್ಮ ಮನೆಯ ಹನ್ನೊಂದು ವರ್ಷದ ಗಂಡು ಬೆಕ್ಕು. ಹಳದಿ ಬಣ್ಣ, ಗುಂಡು ಮೈ. ಮೊಮ್ಮಗಳು ಅದನ್ನು ನೋಡಿಯೇ ಆ ಹೆಸರಿಟ್ಟಳು. ಹೆಸರಿನಲ್ಲಿದ್ದ ಸಕ್ಕರೆ ಎರಡು ವರ್ಷದ ಹಿಂದೆ ರಕ್ತಕ್ಕೂ ಬಂತು. ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದ, ಮತ್ತೆ ಮತ್ತೆ ಮೂತ್ರಕ್ಕೆ ಓಡುತ್ತಿದ್ದ, ಹೊಟ್ಟೆತುಂಬ ತಿಂದರೂ ಸೊರಗುತ್ತಿದ್ದ. ಪಶುವೈದ್ಯರು ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ನೋಡಿ, ಬೇರೆ ಪರೀಕ್ಷೆಗಳನ್ನೂ ಮಾಡಿ, "ಡಯಾಬಿಟೀಸ್" ಎಂದರು. ಮಕ್ಕಳೇ, ಈ ಕಾಯಿಲೆ ಅಜ್ಜ ಅಜ್ಜಿಯರಿಗೆ ಮಾತ್ರ ಮೀಸಲಲ್ಲ. ಬೆಕ್ಕು ನಾಯಿಗಳಿಗೂ ಬರುತ್ತದೆ. ಅದರಲ್ಲೂ ವಯಸ್ಸಾದ, ಮೈ ಬಂದ ಗಂಡು ಬೆಕ್ಕುಗಳಲ್ಲಿ ಹೆಚ್ಚು. ಬೆಕ್ಕು ಹುಟ್ಟಾ ಮಾಂಸಾಹಾರಿ. ಅನ್ನ ಹಾಲು ಅದರ ಊಟವಲ್ಲ ಎಂದ ಡಾಕ್ಟರು, ಊಟದ ಪಟ್ಟಿ ಬರೆದುಕೊಟ್ಟು, ದಿನಕ್ಕೆ ಎರಡು ಸಲ ಇನ್ಸುಲಿನ್ ಹಾಕಲು ಕಲಿಸಿದರು. ಅವನು ಬಟ್ಟಲಿಗೆ ಬಾಯಿ ಹಾಕಿದಾಗ ಬೆನ್ನಿನ ಸಡಿಲ ಚರ್ಮವನ್ನು ಡೇರೆಯ ಹಾಗೆ ಎತ್ತಿ ಹಿಡಿದು ಕೂದಲೆಳೆಯಂಥ ಸೂಜಿ ಹಾಕಿದರೆ, ಅವನು ತಲೆಯನ್ನೂ ಎತ್ತುವುದಿಲ್ಲ.

ಆದರೆ ಎಂಟು ದಿನ ಯಾರು? ಜೊತೆಗೆ ಕರೆದೊಯ್ಯೋಣವೆಂದರೆ, ಬೆಕ್ಕು ಮನೆಗೆ ಅಂಟಿಕೊಂಡ ಜೀವ. ರೈಲು, ಹೋಟೆಲು ಎಂದು ಗಾಬರಿಯಾದರೆ ಸಕ್ಕರೆ ಇನ್ನೂ ಏರುತ್ತದೆ. ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳುವ ಒಂದು ಕಡೆ ಹೋಗಿ ನೋಡಿಬಂದೆವು. ಚೊಕ್ಕಟವಾಗಿಯೇ ಇತ್ತು. ಆದರೆ ಪಕ್ಕದ ಸಾಲಿನಲ್ಲೇ ಹತ್ತು ನಾಯಿಗಳು ಬೊಗಳುತ್ತಿದ್ದವು. ಅಲ್ಲಿ ಲಾಡು ಅನ್ನಾಹಾರ ಬಿಡುವುದು ಖಂಡಿತ ಎನ್ನಿಸಿತು. ಅವನು ಅವನ ಮನೆಯಲ್ಲೇ ಇರಲಿ, ನೋಡಿಕೊಳ್ಳುವವರೇ ಬರಲಿ ಎಂದು ತೀರ್ಮಾನವಾಯಿತು.

ಪಕ್ಕದ ಮನೆಯ ಅಜ್ಜಿ ಇಪ್ಪತ್ತು ವರ್ಷದಿಂದ ತಮಗೆ ತಾವೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಕೈ ಗಟ್ಟಿ. ಆದರೆ ಸಿರಿಂಜಿನ ಸಣ್ಣ ಗೆರೆ ಅವರ ಕಣ್ಣಿಗೆ ಕಾಣುವುದಿಲ್ಲ. ಅವರ ಮೊಮ್ಮಗಳು ಪುಟ್ಟಿ ಏಳನೆಯ ತರಗತಿ. ಕಣ್ಣು ಚುರುಕು, ಅಕ್ಷರ ದುಂಡು, ಆದರೆ ಸೂಜಿ ಹಿಡಿಯುವ ವಯಸ್ಸಲ್ಲ. ಇಬ್ಬರನ್ನೂ ಒಟ್ಟಿಗೆ ಕೇಳಿಕೊಂಡೆ. ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ವಶದಲ್ಲಿ ಒಂದೊಂದು. ಇಬ್ಬರೂ ಬಂದರೆ ಮಾತ್ರ ತಿಜೋರಿ ತೆರೆಯುತ್ತದೆ. ಮೂವತ್ತೈದು ವರ್ಷ ಆ ಪದ್ಧತಿಯಲ್ಲಿ ಕೆಲಸ ಮಾಡಿದವನಿಗೆ ಇದಕ್ಕಿಂತ ಭದ್ರವಾದ ಏರ್ಪಾಡು ತೋಚಲಿಲ್ಲ. ಗೆರೆ ನೋಡುವುದು ಪುಟ್ಟಿ, ಚುಚ್ಚುವುದು ಅಜ್ಜಿ. ಒಬ್ಬರಿಲ್ಲದೆ ಇನ್ನೊಬ್ಬರು ಮುಟ್ಟುವಂತಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರೂ ಗಮನಿಸಬೇಕು. ನಮ್ಮ ದೇಶದಲ್ಲಿ ಇನ್ಸುಲಿನ್ ಸೀಸೆ ಎರಡು ಬಗೆ. ಒಂದರಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಎರಡಕ್ಕೂ ಸಿರಿಂಜು ಬೇರೆ ಬೇರೆ. ಮೊದಲನೆಯದಕ್ಕೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ ಮುಚ್ಚಳ. ಅಜ್ಜಿಯದು ಕೆಂಪು, ಲಾಡುವಿನದು ಕಿತ್ತಳೆ. ಪುಟ್ಟಿಗೆ ಇದನ್ನೇ ಲೆಕ್ಕವಾಗಿ ಕೊಟ್ಟೆ: "ಲಾಡುವಿನ ಔಷಧಿಯನ್ನು ಅಜ್ಜಿಯ ಸಿರಿಂಜಿನಲ್ಲಿ 2ರ ಗೆರೆಯವರೆಗೆ ಎಳೆದರೆ ನಿಜವಾಗಿ ಎಷ್ಟು ಯೂನಿಟ್ ಬಂತು?" ಅವಳು ಕಾಗದದ ಮೇಲೆ ಗುಣಿಸಿ ಭಾಗಿಸಿ, "5" ಎಂದಳು. ಆಮೇಲೆ ತಾನೇ ಕಣ್ಣರಳಿಸಿ, "ಎರಡೂವರೆ ಪಟ್ಟು! ಲಾಡು ಸತ್ತೇಹೋಗ್ತಾನಲ್ಲ ತಾತ!" ಎಂದಳು. ಲಾಡುವಿನ ಔಷಧಿ, ಸಿರಿಂಜು ನಮ್ಮ ಮನೆಯ ಫ್ರಿಜ್ಜು, ನಮ್ಮ ಡಬ್ಬ ಬಿಟ್ಟು ಹೊರಗೆ ಹೋಗಕೂಡದು ಎಂಬ ನಿಯಮವನ್ನು ಮಾಡಿದ್ದು ಅವಳೇ.

ಹೊರಡುವ ಮುಂಚೆ ಒಂದು ವಾರ ಚಾರ್ಜ್ ವಹಿಸಿಕೊಡುವ ಕೆಲಸ ನಡೆಯಿತು. ಮೂರು ದಿನ ಅವರು ನೋಡಿದರು. ಮೂರು ದಿನ ಅವರು ಮಾಡಿದರು, ನಾನು ನೋಡಿದೆ. ಏಳನೆಯ ದಿನ ನಾನು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತ ಕುಳಿತೆ. ಆ ಪೇಪರಿನಲ್ಲಿ ಏನಿತ್ತೆಂದು ಕೇಳಬೇಡಿ.

ಡಾಕ್ಟರನ್ನು ಕೇಳಿಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಸೂಚನೆಗಳನ್ನು ಬರೆದೆ. ಮೊದಲ ನಾಲ್ಕು ಮಾಡಬೇಕಾದವು. ಊಟ ಎಷ್ಟು, ಯೂನಿಟ್ ಎಷ್ಟು, ಪ್ರತಿ ಸಲ ಹೊಸ ಸೂಜಿ, ಬಳಸಿದ ಸೂಜಿ ಕಸದ ಬುಟ್ಟಿಗಲ್ಲ, ದಪ್ಪ ಪ್ಲಾಸ್ಟಿಕ್ ಬಾಟಲಿಗೆ. ಪೌರಕಾರ್ಮಿಕರ ಕೈಗೆ ಚುಚ್ಚಬಾರದು. ಐದರಿಂದ ಮುಂದೆ ಮಾಡಬಾರದವು. ನಿಜವಾದ ಕಷ್ಟ ಇರುವುದು ಅಲ್ಲಿ. ಒಳ್ಳೆಯ ಮನಸ್ಸಿನವರಿಗೆ ವಹಿಸಿದ ಕೆಲಸವನ್ನು ಹೇಗಾದರೂ ಮಾಡಿ ಮುಗಿಸುವ ಆತುರವಿರುತ್ತದೆ. ಬೆಕ್ಕು ಉಣ್ಣದಿದ್ದರೂ, ಹೇಳಿದ್ದಾರಲ್ಲ ಎಂದು ಸೂಜಿ ಹಾಕಿಬಿಡುತ್ತಾರೆ. ಊಟವಿಲ್ಲದ ಹೊಟ್ಟೆಗೆ ಇನ್ಸುಲಿನ್ ಬಿದ್ದರೆ ಸಕ್ಕರೆ ಪಾತಾಳಕ್ಕೆ ಇಳಿದು ಪ್ರಾಣಕ್ಕೇ ಅಪಾಯ. ಒಂದು ಹೊತ್ತು ತಪ್ಪಿದರೆ ಸಕ್ಕರೆ ಸ್ವಲ್ಪ ಏರೀತು, ಅದನ್ನು ಇಳಿಸಬಹುದು. ಆದ್ದರಿಂದ ಹೀಗೆ ಬರೆದೆ:

5. ಔಷಧಿ ಮೈಯೊಳಗೆ ಹೋಯಿತೋ ಕೂದಲ ಮೇಲೆ ಚೆಲ್ಲಿತೋ ಎಂದು ಸಂಶಯವಾದರೆ ಎರಡನೇ ಸಲ ಚುಚ್ಚಬೇಡಿ.

6. ಊಟ ಮುಟ್ಟದಿದ್ದರೆ ಸೂಜಿ ಬೇಡ. ಮೊದಲು ಡಾಕ್ಟರಿಗೆ ಫೋನ್ ಮಾಡಿ. ಆಮೇಲೆ ನಮಗೆ.

7. ತೂರಾಡಿದರೆ, ನಡುಗಿದರೆ, ಕರೆದರೂ ಏಳದಿದ್ದರೆ ಒಸಡಿಗೆ ಸ್ವಲ್ಪ ಜೇನುತುಪ್ಪ ಸವರಿ ಕೂಡಲೇ ಡಾಕ್ಟರ ಬಳಿಗೆ ಒಯ್ಯಿರಿ. ಬಾಟಲಿ ಫ್ರಿಜ್ಜಿನ ಮೇಲಿದೆ.

8. ಸತತ ಎರಡು ಹೊತ್ತು ಉಣ್ಣದಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಖರ್ಚಿನ ಹಣ ಲಕೋಟೆಯಲ್ಲಿದೆ.

ಅಜ್ಜಿಯ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತಾರೆ. ಸಂಜೆಯಾದರೆ ಗೊಂಬೆ ಬಾಗಿನಕ್ಕೆ ಬೀದಿಯ ಮಕ್ಕಳೆಲ್ಲ ಹಾಜರು. ಅವರ ಕೈಯ ಬರ್ಫಿ ಚೂರು ಲಾಡುವಿನ ಬಾಯಿಗೆ ಬೀಳದಿರಲೆಂದು ಪುಟ್ಟಿ ನಮ್ಮ ಗೇಟಿಗೆ ಒಂದು ರಟ್ಟು ಕಟ್ಟಿದಳು: "ನನಗೆ ಸಕ್ಕರೆ ಕಾಯಿಲೆ. ಏನೂ ಕೊಡಬೇಡಿ. ಇಂತಿ, ಲಾಡು."

ನಾವು ಹೊರಟೆವು. ಬೆಳಿಗ್ಗೆ ಸಂಜೆ ಪುಟ್ಟಿಯಿಂದ ಒಂದು ಸಾಲಿನ ಸಂದೇಶ ಬರುತ್ತಿತ್ತು: "ಪೂರ್ತಿ ತಿಂದ. 2 ಯೂನಿಟ್. ಕಿತ್ತಳೆ ಮುಚ್ಚಳ." ಐದು ದಿನ ಹೀಗೇ ನಡೆಯಿತು. ಮೊದಲ ದಿನ ಗಂಟೆಗೊಮ್ಮೆ ಫೋನ್ ನೋಡುತ್ತಿದ್ದ ನನ್ನಾಕೆ, ಐಹೊಳೆಯ ದುರ್ಗ ಗುಡಿಯನ್ನು ಮೊಮ್ಮಕ್ಕಳ ಕೈಹಿಡಿದು ಎರಡು ಸುತ್ತು ಹಾಕಿದಳು.

ಆರನೆಯ ದಿನ ವಿಜಯದಶಮಿ. ಅಂಬಾರಿಯಲ್ಲಿ ಕುಳಿತ ಚಾಮುಂಡೇಶ್ವರಿಗೆ ಪುಷ್ಪಾರ್ಚನೆಯಾಗುವಾಗ ಅರಮನೆಯ ಬಳಿ 21 ಕುಶಾಲತೋಪು ಹಾರಿಸುತ್ತಾರೆ. ಆನೆ ಕುದುರೆಗಳು ಬೆಚ್ಚದಿರಲೆಂದು ಅವಕ್ಕೆ ಮೊದಲೇ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರೆ. ಅರಮನೆಗೆ ಹತ್ತಿರವಿರುವ ನಮ್ಮ ಮನೆಯ ಲಾಡುವಿಗೆ ಯಾವ ತಾಲೀಮೂ ಇಲ್ಲ. ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲಿಳಿದು ವಸತಿಗೆ ಬಂದು ಕಾಫಿಗೆ ಕೂತಿದ್ದೆವು. ಏಳೂಕಾಲಕ್ಕೆ ಫೋನ್ ಬಂತು.

"ತಾತ, ತೋಪಿನ ಸದ್ದಿಗೆ ಲಾಡು ಮಂಚದಡಿ ಸೇರಿಕೊಂಡಿದ್ದಾನೆ. ಊಟ ಮುಟ್ಟಿಲ್ಲ. ಆರನೇ ಸೂಚನೆ ಪ್ರಕಾರ ಸೂಜಿ ಹಾಕಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಆಯ್ತು. ಇವತ್ತು ರಾತ್ರಿ ಬೇಡ, ಊಟ ನೀರು ಹತ್ತಿರ ಇಟ್ಟು ಗಲಾಟೆ ಮಾಡದೆ ಕಾಯಿರಿ ಅಂದರು."

ಧ್ವನಿ ಸ್ವಲ್ಪ ನಡುಗುತ್ತಿತ್ತು, ಆದರೆ ಒಂದು ಮಾತೂ ತಪ್ಪಿರಲಿಲ್ಲ. ಅಜ್ಜಿ ಫೋನ್ ತೆಗೆದುಕೊಂಡು, "ನಾವಿಬ್ಬರೂ ಇಲ್ಲೇ ಮಲಗ್ತೀವಿ, ನೀವು ಊಟ ಮಾಡಿ" ಎಂದರು. ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಕೂತು ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ನನ್ನಾಕೆ ಊಟ ಮಾಡಲಿಲ್ಲ. ಮೊಮ್ಮಕ್ಕಳೂ ಮಲಗಲಿಲ್ಲ. ಅವನು ಸತ್ತುಹೋದರೆ ಪುಟ್ಟಿಗೆ ಜೀವನವಿಡೀ ಅದು ಕೊರೆಯುತ್ತದಲ್ಲ, ಹನ್ನೆರಡು ವರ್ಷದ ಹುಡುಗಿಯ ಹೆಗಲಿಗೆ ಇಷ್ಟು ಭಾರ ಸರಿಯೇ ಎಂದು ನನಗೆ ಚಿಂತೆ. ರಾತ್ರಿ 10.40ಕ್ಕೆ ಸಂದೇಶ ಬಂತು: "ಈಚೆ ಬಂದ. ಅರ್ಧ ತಿಂದ. ಸೂಜಿ ಇಲ್ಲ." ಮರುದಿನ ಬೆಳಿಗ್ಗೆ: "ಪೂರ್ತಿ ತಿಂದ. ಡಾಕ್ಟರನ್ನು ಕೇಳಿ 2 ಯೂನಿಟ್."

ಊರಿಗೆ ಬಂದು ಲೆಕ್ಕ ನೋಡಿದೆ. ಹದಿನಾರು ಹೊತ್ತು, ಹದಿನೈದು ಸಿರಿಂಜು ಖರ್ಚು, ಬಾಟಲಿಯಲ್ಲಿ ಹದಿನೈದು ಸೂಜಿ. ತಾಳೆಯಾಯಿತು. ಪುಟ್ಟಿಯ ಪುಸ್ತಕದಲ್ಲಿ ಹದಿನೈದು ಕಡೆ "2 ಯೂನಿಟ್" ಎಂದಿತ್ತು. ಲಾಡುವನ್ನು ಉಳಿಸಿದ್ದು "ಸೂಜಿ ಇಲ್ಲ" ಎಂಬ ಆ ಒಂದು ಸಾಲು. ಯಾರಿಗಾದರೂ ಒಂದು ಜೀವವನ್ನು ಒಪ್ಪಿಸಿ ಹೋಗುವಾಗ ಏನು ಮಾಡಬೇಕೆಂದು ಎಲ್ಲರೂ ಬರೆದುಕೊಡುತ್ತೇವೆ. ಯಾವಾಗ ಸುಮ್ಮನಿರಬೇಕೆಂದೂ ಬರೆದುಕೊಡಬೇಕು. ಆಗ ಸುಮ್ಮನಿದ್ದವರಿಗೆ ತಪ್ಪು ಮಾಡಿದೆನೋ ಎಂಬ ಅಳುಕು ಇರುವುದಿಲ್ಲ.

ಅಜ್ಜಿಗೆ ಇಳಕಲ್ ಸೀರೆ, ಪುಟ್ಟಿಗೆ ಗೋಲಗುಂಬಜದ ಚಿತ್ರವಿದ್ದ ಪುಸ್ತಕ ತಂದಿದ್ದೆವು. ಅಜ್ಜಿ ಸೀರೆ ಸವರುತ್ತ, "ಇದೆಲ್ಲ ಯಾಕೆ? ನಾನೇ ಪ್ರಾಣಿಗಳ ಋಣದಲ್ಲಿರೋಳು" ಎಂದರು. ಅವರ ಮಾತು ನಿಜ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಹುಡುಕಿದ್ದು ನಾಯಿಗಳ ಮೇಲಿನ ಪ್ರಯೋಗದಿಂದ. ಮರುವರ್ಷ 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗ ಅದನ್ನು ಪಡೆದ ಮೊದಲ ರೋಗಿ. ಆಮೇಲೆ ಹಲವು ದಶಕ ಮನುಷ್ಯರನ್ನು ಬದುಕಿಸಿದ ಇನ್ಸುಲಿನ್ ಬರುತ್ತಿದ್ದುದು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ.

ಈಗ ಬೇಸಿಗೆ ರಜೆ. ಪುಟ್ಟಿಯ ಮನೆಯವರೆಲ್ಲ ಶೃಂಗೇರಿ, ಹೊರನಾಡು, ಉಡುಪಿ ಎಂದು ಹೊರಟಿದ್ದಾರೆ. ಅವಳ ಗಾಜಿನ ತೊಟ್ಟಿಯ ಆರು ಮೀನು ನನ್ನ ವಶಕ್ಕೆ ಬಂದಿವೆ. ಜೊತೆಗೊಂದು ಹಾಳೆಯೂ ಬಂದಿದೆ. ಮೇಲೆ ದುಂಡಗೆ "ತಾತನಿಗೆ ಸೂಚನೆಗಳು" ಎಂದು ಬರೆದಿದ್ದಾಳೆ. ದಿನಕ್ಕೆ ಒಂದೇ ಚಿಟಿಕೆ ಆಹಾರ. ಮೀನುಗಳು ಎಷ್ಟು ಬಾಯಿ ಬಿಟ್ಟರೂ ಇನ್ನೊಂದು ಚಿಟಿಕೆ ಬೇಡ. ಲಾಡುವಿಗೆ ಆ ಕೋಣೆಗೆ ಪ್ರವೇಶವಿಲ್ಲ. ಸಂಶಯ ಬಂದರೆ ಏನೂ ಮಾಡದೆ ಫೋನ್ ಮಾಡಿ. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದಾಳೆ. ತಾರೀಖು ಸಮೇತ ಸಹಿ ಹಾಕಿಕೊಟ್ಟಿದ್ದೇನೆ.