‘ಸರಿಮಾಡಿಕೊಂಡು ಬಾ’

ಕಳೆದ ಬೇಸಿಗೆ ರಜೆಯಲ್ಲಿ ಅಗಾಥಾ ಕ್ರಿಸ್ಟಿಯವರ ‘ಮರ್ಡರ್ ಇನ್ ಮೆಸೊಪೊಟೇಮಿಯಾ’ (1936) ಕಾದಂಬರಿಯನ್ನು ಬಹಳ ಆಸೆಯಿಂದ ಹಿಡಿದೆ. ಇರಾಕಿನ ಉತ್ಖನನ ಶಿಬಿರವೊಂದರಲ್ಲಿ ಕೊಲೆ, ಪತ್ತೆಗೆ ಪಾಯ್ರೋ. ಲೇಖಕಿ 1930ರಲ್ಲಿ ಪುರಾತತ್ವಜ್ಞ ಮ್ಯಾಕ್ಸ್ ಮ್ಯಾಲೊವನ್ ಅವರ ಕೈಹಿಡಿದವರು, ಅಗೆತದಲ್ಲಿ ಸಿಕ್ಕ ವಸ್ತುಗಳನ್ನು ತಾವೇ ಶುಚಿಮಾಡಿದವರು. ಹಾಗಾಗಿ ಮಡಕೆಚೂರು ಜೋಡಿಸುವ ಆ ಲೋಕ ಕಣ್ಣಿಗೆ ಕಟ್ಟುತ್ತದೆ.

ಆದರೆ ಕೊನೆ? ಕೊಲೆಗಾರ ಯಾರೆಂದು ಹೇಳಿ ನಿಮ್ಮ ಓದು ಕೆಡಿಸಲಾರೆ. ಪಾಯ್ರೋನ ವಿವರಣೆ ನಂಬಬೇಕಾದರೆ, ಒಬ್ಬ ಹೆಂಗಸು ತನಗೆ ಚೆನ್ನಾಗಿ ಗೊತ್ತಿದ್ದ ಮುಖವನ್ನೇ ಗುರುತಿಸಲಿಲ್ಲವೆಂದು ಒಪ್ಪಬೇಕು. ಮೊದಲೇ ಗೊತ್ತುಮಾಡಿದ ಉತ್ತರಕ್ಕೆ ಸಾಕ್ಷ್ಯವನ್ನು ಬಗ್ಗಿಸಿದಂತಿದೆ.

ಬೈಯುತ್ತಲೇ ಪುಸ್ತಕ ಮುಚ್ಚಿದವನಿಗೆ ಹಳೆಯದೊಂದು ನೆನಪಾಯಿತು. ಸರಳ ಲೋಲಕದ ಪ್ರಯೋಗದಲ್ಲಿ ಹುಡುಗನೊಬ್ಬನಿಗೆ ಗುರುತ್ವ ವೇಗೋತ್ಕರ್ಷ 9.8ರ ಬದಲು 9.5 ಬಂದಿತ್ತು. ‘ಸರಿಮಾಡಿಕೊಂಡು ಬಾ’ ಎಂದೆ. ಮರುದಿನ ಅಳತೆಗಳನ್ನೇ ತಿದ್ದಿ ತಂದ. ನಾನು ಸಹಿ ಹಾಕಿದೆ.

ದಾರದ ಉದ್ದಕ್ಕೆ ಗುಂಡಿನ ತ್ರಿಜ್ಯ ಕೂಡಿಸಲು ಅವನು ಮರೆತಿದ್ದಿರಬಹುದು. ಪಕ್ಕದಲ್ಲಿ ನಿಂತು ಹುಡುಕಿದ್ದರೆ ಐದೇ ನಿಮಿಷದ ಕೆಲಸ. ಅಂದು ಪತ್ತೇದಾರನಾಗಬೇಕಿದ್ದವನು ನಾನು.